ಬಸುರಿನಲ್ಲಿ ಮಿದುಳು: ತಡೆಯುವುದೂ ಬಿಡುವುದೂ

ಗರ್ಭ ನಿಲ್ಲುವುದು ಗರ್ಭಕೋಶದಲ್ಲಿ. ಅದನ್ನು ಒಂಬತ್ತು ತಿಂಗಳು ಕಾಪಾಡುವ, ಹೊತ್ತು ಬಂದಾಗ ಹೆರಿಗೆಗೆ ಅಣಿಮಾಡುವ, ಹುಟ್ಟಿದ ಕೂಸಿಗೆ ಹಾಲು ಒದಗಿಸುವ ಹಾರ್ಮೋನುಗಳ ಹತೋಟಿಯಲ್ಲಿ ತಾಯಿಯ ಮಿದುಳಿಗೂ ದೊಡ್ಡ ಪಾಲಿದೆ. ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ ಸುಮಾರು 4 ಗ್ರಾಂ ತೂಗುತ್ತದೆ. ಅದರಿಂದ ತೆಳುವಾದ ತೊಟ್ಟಿನಲ್ಲಿ ಇಳಿಬಿದ್ದಿರುವ ಪಿಟ್ಯುಟರಿ ಗ್ರಂಥಿಯ ತೂಕ ಅರ್ಧ ಗ್ರಾಮಿನಷ್ಟು. ಅಂಡಾಶಯ, ಥೈರಾಯ್ಡ್, ಅಡ್ರಿನಲ್ ಗ್ರಂಥಿ, ಸ್ತನ, ಮೂತ್ರಪಿಂಡ ಎಲ್ಲಕ್ಕೂ ಈ ಜೋಡಿಯಿಂದಲೇ ಆಜ್ಞೆ ಹೋಗುತ್ತದೆ.

ಪಿಟ್ಯುಟರಿಗೆ ಎರಡು ಭಾಗ. ಮುಂಭಾಗಕ್ಕೂ ಹೈಪೊಥಲಾಮಸ್‌ಗೂ ನಡುವೆ ಕಿರಿದಾದ ರಕ್ತನಾಳಗಳ ಸಂಪರ್ಕವಿದೆ. ನರಕೋಶಗಳು ಈ ನಾಳಗಳಿಗೆ ಸುರಿಸುವ ರಾಸಾಯನಿಕಗಳು ಪಿಟ್ಯುಟರಿಯ ಜೀವಕೋಶಗಳನ್ನು ತಲುಪಿ, ಹಾರ್ಮೋನು ಬಿಡುವಂತೆಯೋ ತಡೆಯುವಂತೆಯೋ ಹೇಳುತ್ತವೆ. ಬ್ರಿಟನ್ನಿನ ಜೆಫ್ರಿ ಹ್ಯಾರಿಸ್ 20ನೇ ಶತಮಾನದ ಮಧ್ಯಭಾಗದಲ್ಲಿ ಈ ಸಂಪರ್ಕದ ಮಹತ್ವವನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. ಹಿಂಭಾಗದ ಏರ್ಪಾಡು ಬೇರೆ. ಹೈಪೊಥಲಾಮಸ್‌ನ ನರಕೋಶಗಳ ಉದ್ದನೆಯ ಎಳೆಗಳು ನೇರವಾಗಿ ಅಲ್ಲಿಗೇ ಇಳಿದು, ಅಲ್ಲಿಂದಲೇ ಆಕ್ಸಿಟೋಸಿನ್ ಮತ್ತು ವ್ಯಾಸೊಪ್ರೆಸಿನ್ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ.

ಬಸುರಿನ ಕಾಲದಲ್ಲಿ ಈ ವ್ಯವಸ್ಥೆಗೆ ಮೂರನೆಯ ಪಾಲುದಾರ ಸೇರುತ್ತದೆ. ಜರಾಯು, ಎಂದರೆ ಮಾಸು, ಮಗುವಿಗೆ ಆಹಾರ ಮುಟ್ಟಿಸುವುದರ ಜೊತೆಗೆ ತಾನೇ ಒಂದು ದೊಡ್ಡ ಹಾರ್ಮೋನು ಗ್ರಂಥಿಯಾಗಿ ಕೆಲಸ ಮಾಡುತ್ತದೆ. ಮಿದುಳು ತಯಾರಿಸುವ ಹಲವು ರಾಸಾಯನಿಕಗಳನ್ನೂ ತಯಾರಿಸುತ್ತದೆ. ಹೀಗಾಗಿ ಈ ಅವಧಿಯಲ್ಲಿ ಮಿದುಳಿನ ಕೆಲಸದ ಸ್ವರೂಪ ಬದಲಾಗುತ್ತದೆ. ಕೆಲವು ಹಾರ್ಮೋನುಗಳನ್ನು ಅದು ತಿಂಗಳುಗಟ್ಟಲೆ ತಡೆದಿಡಬೇಕು, ಕೆಲವಕ್ಕೆ ಇದ್ದ ತಡೆಯನ್ನು ತೆಗೆಯಬೇಕು, ಇನ್ನು ಕೆಲವನ್ನು ಹೆರಿಗೆಯ ಗಳಿಗೆಯವರೆಗೆ ಕೂಡಿಟ್ಟು ಆಗಷ್ಟೇ ಬಿಡಬೇಕು.

ಋತುಚಕ್ರ ನಿಲ್ಲುವ ಬಗೆ

ಋತುಚಕ್ರದ ಮೂಲದಲ್ಲಿರುವುದು ಜಿಎನ್‌ಆರ್‌ಎಚ್ ಎಂಬ, ಹತ್ತು ಅಮೈನೊ ಆಮ್ಲಗಳ ಪುಟ್ಟ ಅಣು. ಇದನ್ನು ತಯಾರಿಸುವ ನರಕೋಶಗಳು ಇಡೀ ಮಿದುಳಿನಲ್ಲಿ ಕೆಲವೇ ಸಾವಿರ. ಅವು ಸದಾ ಸ್ರವಿಸುತ್ತಿರುವುದಿಲ್ಲ, ಬಿಟ್ಟು ಬಿಟ್ಟು ಮಿಡಿಯುತ್ತವೆ. ಅಂಡ ಬಿಡುಗಡೆಯಾಗುವ ಮುನ್ನಿನ ದಿನಗಳಲ್ಲಿ ಒಂದರಿಂದ ಒಂದೂವರೆ ಗಂಟೆಗೊಮ್ಮೆ ಬರುವ ಮಿಡಿತ, ಅಂಡ ಬಿಡುಗಡೆಯಾದ ಮೇಲೆ ನಿಧಾನಗೊಂಡು ಮೂರು ನಾಲ್ಕು ಗಂಟೆಗೊಮ್ಮೆ ಬರುತ್ತದೆ. ಪ್ರತಿ ಮಿಡಿತಕ್ಕೂ ಪಿಟ್ಯುಟರಿಯ ಮುಂಭಾಗ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಹಾರ್ಮೋನುಗಳನ್ನು ಬಿಡುತ್ತದೆ. ಅವು ಅಂಡಾಶಯವನ್ನು ನಡೆಸುತ್ತವೆ. ಈ ಅಣುವಿನ ರಚನೆಯನ್ನು ಬಿಡಿಸಿದವರು ಅಮೆರಿಕದಲ್ಲಿ ಪರಸ್ಪರ ಪೈಪೋಟಿಯಲ್ಲಿದ್ದ ಆಂಡ್ರೂ ಶಾಲಿ ಮತ್ತು ರೋಜರ್ ಗಿಯ್ಮಾ ಅವರ ತಂಡಗಳು. ಹಂದಿ ಮತ್ತು ಕುರಿಗಳ ಲೆಕ್ಕವಿಲ್ಲದಷ್ಟು ಮಿದುಳಿನ ತುಣುಕುಗಳನ್ನು ಸೋಸಿ ಮಾಡಿದ ಈ ಕೆಲಸಕ್ಕೆ 1977ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಬಂತು. ರಕ್ತದಲ್ಲಿನ ಅತಿ ಕಡಿಮೆ ಹಾರ್ಮೋನನ್ನೂ ಅಳೆಯುವ ವಿಧಾನ ರೂಪಿಸಿದ ರೊಸಾಲಿನ್ ಯಾಲೊ ಅದೇ ಪ್ರಶಸ್ತಿಯ ಅರ್ಧಭಾಗ ಪಡೆದರು.

ಫಲಿತ ಅಂಡ ಗರ್ಭಕೋಶಕ್ಕೆ ಅಂಟಿಕೊಂಡ ಕೂಡಲೇ ಮಾಸಿನ ಎಳೆಯ ಜೀವಕೋಶಗಳು ಎಚ್‌ಸಿಜಿ ಎಂಬ ಹಾರ್ಮೋನನ್ನು ಬಿಡಲು ತೊಡಗುತ್ತವೆ. ಮನೆಯಲ್ಲೇ ಮಾಡುವ ಗರ್ಭ ಪರೀಕ್ಷೆಯಲ್ಲಿ ಎರಡನೆಯ ಗೆರೆ ಮೂಡಿಸುವುದು ಇದೇ. ಎಲ್‌ಎಚ್‌ಗೆ ಮೀಸಲಾದ ಗ್ರಾಹಕಕ್ಕೆ, ಎಂದರೆ ಹಾರ್ಮೋನು ಬಂದು ಕೂರುವ ಜೀವಕೋಶದ ತಾಣಕ್ಕೆ, ಎಚ್‌ಸಿಜಿಯೂ ಹೊಂದಿಕೊಳ್ಳುತ್ತದೆ. ಹಾಗಾಗಿ ಅಂಡಾಶಯದಲ್ಲಿ ಅಂಡ ಹೊರಬಿದ್ದ ಜಾಗದಲ್ಲಿ ಮೂಡಿ, ಬಾಡಿಹೋಗಬೇಕಿದ್ದ ಕಾರ್ಪಸ್ ಲೂಟಿಯಂ ಎಂಬ ಗ್ರಂಥಿ ಉಳಿದುಕೊಂಡು, ಗರ್ಭವನ್ನು ಕಾಪಾಡುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಸ್ರವಿಸುತ್ತಲೇ ಇರುತ್ತದೆ. ಎಂಟು ಹತ್ತು ವಾರಗಳ ಹೊತ್ತಿಗೆ ಆ ಹೊಣೆಯನ್ನು ಮಾಸು ವಹಿಸಿಕೊಳ್ಳುತ್ತದೆ. ದಿನ ತುಂಬುವ ವೇಳೆಗೆ ಮಾಸೊಂದೇ ದಿನಕ್ಕೆ ಸುಮಾರು 250 ಮಿಲಿಗ್ರಾಂ ಪ್ರೊಜೆಸ್ಟರಾನ್ ತಯಾರಿಸುತ್ತದೆ.

ಪ್ರೊಜೆಸ್ಟರಾನ್ ಮತ್ತು ಈಸ್ಟ್ರೋಜನ್ ಹಾರ್ಮೋನುಗಳೆರಡೂ ಏರಿದ ಸುದ್ದಿ ಮಿದುಳಿಗೆ ಮುಟ್ಟುವುದು ನೇರ ದಾರಿಯಲ್ಲಲ್ಲ. ಜಿಎನ್‌ಆರ್‌ಎಚ್ ನರಕೋಶಗಳಲ್ಲಿ ಈಸ್ಟ್ರೋಜನ್ನಿನ ಮುಖ್ಯ ಗ್ರಾಹಕವೇ ಇಲ್ಲ. ಅವುಗಳನ್ನು ಪ್ರಚೋದಿಸುವ ಕಿಸ್‌ಪೆಪ್ಟಿನ್ ನರಕೋಶಗಳಲ್ಲಿ ಅದು ಇದೆ. ಕಿಸ್‌ಪೆಪ್ಟಿನ್‌ಗೆ ಸಂಬಂಧಿಸಿದ ಜೀನ್ 1996ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ಯಾನ್ಸರ್ ಹರಡುವಿಕೆಯ ಅಧ್ಯಯನದಲ್ಲಿ ಸಿಕ್ಕಿತು. ಸಂತಾನಶಕ್ತಿಯಲ್ಲಿ ಅದರ ಪಾತ್ರ ತಿಳಿದದ್ದು 2003ರಲ್ಲಿ, ಪ್ರಾಯಕ್ಕೆ ಬಾರದ ಕೆಲವು ಕುಟುಂಬಗಳ ಸದಸ್ಯರಲ್ಲಿ ಕಿಸ್‌ಪೆಪ್ಟಿನ್ ಗ್ರಾಹಕವೇ ಕೆಟ್ಟಿರುವುದು ಗೊತ್ತಾದಾಗ. ಬಸುರಿನಲ್ಲಿ ಏರಿದ ಹಾರ್ಮೋನುಗಳು ಹೈಪೊಥಲಾಮಸ್‌ನ ಈ ಜಾಲವನ್ನು ತಣ್ಣಗಾಗಿಸುತ್ತವೆ. ಎಲ್‌ಎಚ್, ಎಫ್‌ಎಸ್‌ಎಚ್ ತೀರಾ ಕೆಳಗಿಳಿಯುತ್ತವೆ, ಹೊಸ ಅಂಡ ಬಲಿಯುವುದಿಲ್ಲ, ಮುಟ್ಟು ಬರುವುದಿಲ್ಲ. ವಿಚಿತ್ರವೆಂದರೆ ಇದೇ ಕಾಲದಲ್ಲಿ ಮಾಸು ತಾನೇ ಕಿಸ್‌ಪೆಪ್ಟಿನ್ ತಯಾರಿಸುವುದರಿಂದ ತಾಯಿಯ ರಕ್ತದಲ್ಲಿ ಅದರ ಪ್ರಮಾಣ ಸಾವಿರಾರು ಪಟ್ಟು ಹೆಚ್ಚುತ್ತದೆ. ಆದರೂ ಋತುಚಕ್ರ ಎಚ್ಚರಗೊಳ್ಳುವುದಿಲ್ಲ.

ಡೋಪಮಿನ್ ಹಿಡಿತ ಸಡಿಲವಾದಾಗ

ಪಿಟ್ಯುಟರಿಯ ಹೆಚ್ಚಿನ ಹಾರ್ಮೋನುಗಳಿಗೆ ಮಿದುಳಿನಿಂದ ಬಿಡುಗಡೆಯ ಆಜ್ಞೆ ಬೇಕು. ಹಾಲು ಉತ್ಪಾದನೆಯ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಇದಕ್ಕೆ ತದ್ವಿರುದ್ಧ. ಪಿಟ್ಯುಟರಿಯನ್ನು ಅದರ ಪಾಡಿಗೆ ಬಿಟ್ಟರೆ ಪ್ರೊಲ್ಯಾಕ್ಟಿನ್ ಹರಿಯುತ್ತಲೇ ಇರುತ್ತದೆ. ಅದನ್ನು ಸದಾ ತಡೆಹಿಡಿದಿರುವ ರಾಸಾಯನಿಕ ಡೋಪಮಿನ್. ಮಿದುಳಿನ ಬೇರೆ ಭಾಗಗಳಲ್ಲಿ ಚಲನೆ, ಉತ್ಸಾಹ, ಬಯಕೆಗಳಿಗೆ ಸಂಬಂಧಿಸಿದ ಇದೇ ಡೋಪಮಿನ್, ಹೈಪೊಥಲಾಮಸ್‌ನ ಒಂದು ಗುಂಪಿನ ನರಕೋಶಗಳಿಂದ ಪಿಟ್ಯುಟರಿಗೆ ಇಳಿದು ಪ್ರೊಲ್ಯಾಕ್ಟಿನ್ ಕೋಶಗಳನ್ನು ಸುಮ್ಮನಿರಿಸುತ್ತದೆ. ಪ್ರೊಲ್ಯಾಕ್ಟಿನ್ ಹೆಚ್ಚಾದರೆ ಅದು ಮಿದುಳಿಗೆ ಮರಳಿ ಡೋಪಮಿನ್ ನರಕೋಶಗಳನ್ನು ಚುರುಕುಗೊಳಿಸುತ್ತದೆ. ಹೀಗೆ ತನ್ನ ಏರಿಕೆಗೆ ತಾನೇ ಮಿತಿ ಹಾಕಿಕೊಳ್ಳುತ್ತದೆ.

ಬಸುರಿನಲ್ಲಿ ಈ ಸಮತೋಲ ಎರಡು ಕಡೆಯಿಂದ ಬದಲಾಗುತ್ತದೆ. ಮೊದಲನೆಯದು ಪಿಟ್ಯುಟರಿಯಲ್ಲಿ. ಈಸ್ಟ್ರೋಜನ್ನಿನ ಪ್ರಭಾವದಿಂದ ಪ್ರೊಲ್ಯಾಕ್ಟಿನ್ ಕೋಶಗಳು ಸಂಖ್ಯೆಯಲ್ಲೂ ಗಾತ್ರದಲ್ಲೂ ಬೆಳೆಯುತ್ತವೆ. ಸಾಮಾನ್ಯ ದಿನಗಳಲ್ಲಿ ಮುಂಭಾಗದ ಕೋಶಗಳಲ್ಲಿ ಐದರಲ್ಲೊಂದು ಪಾಲಿನಷ್ಟಿರುವ ಅವು ದಿನ ತುಂಬುವ ಹೊತ್ತಿಗೆ ಅರ್ಧದಷ್ಟಾಗುತ್ತವೆ. ಇದರಿಂದ ಗ್ರಂಥಿಯೇ ಮೂರನೇ ಒಂದು ಭಾಗದಷ್ಟು, ಕೆಲವರಲ್ಲಿ ಇನ್ನೂ ಹೆಚ್ಚು ದೊಡ್ಡದಾಗುತ್ತದೆ. ಎರಡನೆಯದು ಮಿದುಳಿನಲ್ಲಿ. ಬಸುರಿನ ಕೊನೆಗೆ ಪ್ರೊಲ್ಯಾಕ್ಟಿನ್ ಎಷ್ಟೇ ಏರಿದರೂ ಡೋಪಮಿನ್ ನರಕೋಶಗಳು ಮೊದಲಿನಂತೆ ಡೋಪಮಿನ್ ಸುರಿಸುವುದಿಲ್ಲ ಎಂಬುದು ಇಲಿಗಳ ಅಧ್ಯಯನದಿಂದ ತಿಳಿದಿದೆ. ಹಾಲೂಡುವ ಇಲಿಗಳಲ್ಲಂತೂ ಈ ನರಕೋಶಗಳಲ್ಲಿ ವಿದ್ಯುತ್ ಚಟುವಟಿಕೆ ಇದ್ದರೂ ಡೋಪಮಿನ್ ಬಿಡುಗಡೆ ಕುಗ್ಗುತ್ತದೆ. ಅದರ ಬದಲು ಎನ್‌ಕೆಫಾಲಿನ್ ಎಂಬ ಇನ್ನೊಂದು ರಾಸಾಯನಿಕವನ್ನು ಅವು ತಯಾರಿಸತೊಡಗುತ್ತವೆ.

ಪರಿಣಾಮವಾಗಿ, ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತದಲ್ಲಿ 25 ನ್ಯಾನೊಗ್ರಾಮಿಗಿಂತ ಕಡಿಮೆ ಇರುವ ಪ್ರೊಲ್ಯಾಕ್ಟಿನ್ ದಿನ ತುಂಬಿದಾಗ 200ರ ಆಸುಪಾಸಿಗೆ ಏರುತ್ತದೆ. ಸ್ತನಗಳು ಹಾಲೂಡಲು ಸಜ್ಜಾಗುತ್ತವೆ. ಆದರೆ ಅಧಿಕ ಪ್ರೊಜೆಸ್ಟರಾನ್ ಇರುವವರೆಗೆ ಹಾಲು ಧಾರಾಳವಾಗಿ ಇಳಿಯುವುದಿಲ್ಲ. ಪ್ರೊಲ್ಯಾಕ್ಟಿನ್ ಸ್ತನಕ್ಕಷ್ಟೇ ಸೀಮಿತವೂ ಅಲ್ಲ. ಅದು ತಾಯಿಯ ಹಸಿವನ್ನು ಹೆಚ್ಚಿಸುವುದರಲ್ಲಿ ಪಾಲ್ಗೊಳ್ಳುತ್ತದೆ, ಮರಿಗಳನ್ನು ಸಾಕುವ ಪ್ರವೃತ್ತಿಗೂ ಬೇಕಾಗುತ್ತದೆ. ಹೈಪೊಥಲಾಮಸ್‌ನ ಮುಂಭಾಗದ ಒಂದು ನೆಲೆಯಲ್ಲಿ ಪ್ರೊಲ್ಯಾಕ್ಟಿನ್ ಗ್ರಾಹಕವನ್ನು ತೆಗೆದುಹಾಕಿದ ಹೆಣ್ಣಿಲಿಗಳು ಮರಿ ಹಾಕಿದರೂ ಅವುಗಳನ್ನು ಆರೈಕೆ ಮಾಡಲಿಲ್ಲ.

ಡೋಪಮಿನ್ನಿನ ಈ ಪಾತ್ರ ತಿಳಿದರೆ ಕೆಲವು ಔಷಧಗಳ ಪರಿಣಾಮವೂ ಅರ್ಥವಾಗುತ್ತದೆ. ವಾಂತಿ ತಡೆಯಲು ಕೊಡುವ ಡಾಮ್‌ಪೆರಿಡೋನ್, ಕೆಲವು ಮನೋರೋಗ ಔಷಧಗಳು ಡೋಪಮಿನ್ ಗ್ರಾಹಕವನ್ನು ಮುಚ್ಚುವುದರಿಂದ ಪ್ರೊಲ್ಯಾಕ್ಟಿನ್ ಏರುತ್ತದೆ. ಬಸುರಿಲ್ಲದವರಲ್ಲೂ ಮುಟ್ಟು ಏರುಪೇರಾಗುವುದು, ಎದೆಯಲ್ಲಿ ಹಾಲು ಜಿನುಗುವುದು ಇದರಿಂದಲೇ. ಡೋಪಮಿನ್ನಿನಂತೆಯೇ ವರ್ತಿಸುವ ಕ್ಯಾಬರ್ಗೊಲಿನ್ ಮಾತ್ರೆ ಪ್ರೊಲ್ಯಾಕ್ಟಿನ್ನನ್ನು ಇಳಿಸುತ್ತದೆ. ಮಗು ಉಳಿಯದ ತಾಯಂದಿರಿಗೆ ಎದೆಹಾಲು ನಿಲ್ಲಿಸಲು ವೈದ್ಯರು ಇದನ್ನು ಬಳಸುತ್ತಾರೆ.

ಕೂಡಿಟ್ಟ ಆಕ್ಸಿಟೋಸಿನ್

ಪಿಟ್ಯುಟರಿಯ ಹಿಂಭಾಗದ ಸಾರ ಗರ್ಭಕೋಶವನ್ನು ಸಂಕುಚಿಸುತ್ತದೆ ಎಂಬುದನ್ನು 1906ರಲ್ಲಿ ಕಂಡುಕೊಂಡವರು ಇಂಗ್ಲೆಂಡಿನ ಹೆನ್ರಿ ಡೇಲ್. ಆ ಸಾರದಲ್ಲಿದ್ದ ಆಕ್ಸಿಟೋಸಿನ್ ಒಂಬತ್ತು ಅಮೈನೊ ಆಮ್ಲಗಳ ಅಣು ಎಂದು ತೋರಿಸಿ, 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದವರು ಅಮೆರಿಕದ ವಿನ್ಸೆಂಟ್ ಡು ವಿನ್ಯೊ. ಅವರಿಗೆ 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಆಕ್ಸಿಟೋಸಿನ್ ಬೇಗ ಹರಿದರೆ ಅಕಾಲ ಹೆರಿಗೆಯ ಅಪಾಯ, ಹೊತ್ತಿಗೆ ಸಾಲದಿದ್ದರೆ ಹೆರಿಗೆ ತಡವಾಗುವ ಅಪಾಯ. ಆದ್ದರಿಂದ ಬಸುರಿನುದ್ದಕ್ಕೂ ಅದರ ದಾಸ್ತಾನು ಬೆಳೆಯುತ್ತಿರಬೇಕು, ಬಿಡುಗಡೆ ಮಾತ್ರ ಹಿಡಿತದಲ್ಲಿರಬೇಕು. ಮಳೆಗಾಲದಲ್ಲಿ ಕೆರೆ ತುಂಬಿಸಿಕೊಂಡು, ಗದ್ದೆಗೆ ನೀರು ಬೇಕಾದಾಗಷ್ಟೇ ತೂಬು ಎತ್ತುವ ಹಾಗೆ. ಈ ತೂಬನ್ನು ಮುಚ್ಚಿ ಹಿಡಿಯುವ ರಾಸಾಯನಿಕಗಳು ಹಲವು. ಮಿದುಳಿನ ಪ್ರಧಾನ ಶಮನಕಾರಿಯಾದ ಗಾಬಾ ನರಕೋಶಗಳನ್ನು ಸುಮ್ಮನಿರಿಸುತ್ತದೆ. ಪ್ರೊಜೆಸ್ಟರಾನ್ ದೇಹದಲ್ಲಿ ಮಾರ್ಪಾಡಾಗಿ ಆಲೊಪ್ರೆಗ್ನನೊಲೋನ್ ಎಂಬ ಸ್ಟೀರಾಯ್ಡ್ ಆಗುತ್ತದೆ. ಗಾಬಾ ಗ್ರಾಹಕಕ್ಕೆ ಅದು ಸೇರಿಕೊಂಡರೆ ಗಾಬಾದ ಶಮನಶಕ್ತಿ ಇನ್ನಷ್ಟು ಹೆಚ್ಚುತ್ತದೆ. ದಿನ ತುಂಬುತ್ತ ಬಂದಂತೆ ಮಿದುಳು ತಾನೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳೂ, ಎಂದರೆ ಎಂಡಾರ್ಫಿನ್ ಬಳಗದ ಓಪಿಯಾಯ್ಡ್‌ಗಳೂ, ಆಕ್ಸಿಟೋಸಿನ್ ನರಕೋಶಗಳನ್ನು ತಡೆಯಲು ಸೇರಿಕೊಳ್ಳುತ್ತವೆ.

ಇದನ್ನು ಸವಿವರವಾಗಿ ಬಿಡಿಸಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದ ಜಾನ್ ರಸೆಲ್, ಗರೆತ್ ಲೆಂಗ್, ಪಾಲಾ ಬ್ರಂಟನ್ ಮೊದಲಾದವರ ಪ್ರಯೋಗಗಳು. ದಿನ ತುಂಬಿದ ಇಲಿಗೆ ಓಪಿಯಾಯ್ಡ್ ಗ್ರಾಹಕವನ್ನು ಮುಚ್ಚುವ ನಲಾಕ್ಸೋನ್ ಕೊಟ್ಟರೆ ಆಕ್ಸಿಟೋಸಿನ್ ಬಿಡುಗಡೆ ಹೆಚ್ಚುತ್ತದೆ. ಮರಿ ಹಾಕುತ್ತಿರುವ ಇಲಿಯನ್ನು ಅಪರಿಚಿತ ಜಾಗಕ್ಕೆ ಸಾಗಿಸಿದರೆ ಹೆರಿಗೆ ತಡವಾಗುತ್ತದೆ. ಆಗಲೂ ನಲಾಕ್ಸೋನ್ ಆ ತಡೆಯನ್ನು ನೀಗುತ್ತದೆ. ಅಪಾಯ ಕಂಡಾಗ ಹೆರಿಗೆಯನ್ನು ಸ್ವಲ್ಪ ಮುಂದೂಡುವ ಸಾಮರ್ಥ್ಯ ಕಾಡುಪ್ರಾಣಿಗೆ ಜೀವ ಉಳಿಸುವ ಅನುಕೂಲ. ಅಪರಿಚಿತ ಜಾಗದ ಆತಂಕ ಮನುಷ್ಯರಿಗೂ ತಪ್ಪಿದ್ದಲ್ಲ; ಹೆರಿಗೆಯ ಹೊತ್ತಿಗೆ ಗರ್ಭಿಣಿ ಬಯಸಿದವರೊಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡುತ್ತದೆ.

ಅತ್ತ ಗರ್ಭಕೋಶದಲ್ಲೂ ಸಿದ್ಧತೆ ನಡೆಯುತ್ತಿರುತ್ತದೆ. ಕೊನೆಯ ವಾರಗಳಲ್ಲಿ ಅದರ ಸ್ನಾಯುಗಳಲ್ಲಿ ಆಕ್ಸಿಟೋಸಿನ್ ಗ್ರಾಹಕಗಳು ಹಲವು ಪಟ್ಟು ಹೆಚ್ಚುವುದರಿಂದ, ಮೊದಲು ಏನೂ ಮಾಡದಿದ್ದ ಪ್ರಮಾಣಕ್ಕೇ ಸ್ನಾಯು ಸ್ಪಂದಿಸುತ್ತದೆ. ಇಲಿಗಳಲ್ಲಿ ಹೆರಿಗೆಗೆ ಮುನ್ನ ರಕ್ತದ ಪ್ರೊಜೆಸ್ಟರಾನ್ ಕುಸಿಯುತ್ತದೆ. ಮನುಷ್ಯರಲ್ಲಿ ಹಾಗಾಗುವುದಿಲ್ಲ, ಪ್ರಮಾಣ ಹಾಗೆಯೇ ಇದ್ದು, ಗರ್ಭಕೋಶದ ಗ್ರಾಹಕಗಳು ಬದಲಾಗಿ ಅದರ ಮಾತಿಗೆ ಕಿವಿಗೊಡುವುದು ಕಡಿಮೆಯಾಗುತ್ತದೆ.

ಮಗುವಿನ ತಲೆ ಗರ್ಭಕೋಶದ ಕೊರಳನ್ನು ಹಿಗ್ಗಿಸಿದಾಗ ಆ ಸಂವೇದನೆ ಬೆನ್ನುಹುರಿಯ ಮೂಲಕ ಮಿದುಳಿನ ಕಾಂಡಕ್ಕೆ ಏರುತ್ತದೆ. ಅಲ್ಲಿಂದ ಹೈಪೊಥಲಾಮಸ್‌ಗೆ ಹೋಗುವ ನರಗಳು ನಾರ್‌ಅಡ್ರಿನಲಿನ್ ಬಿಡುತ್ತವೆ. ಆಕ್ಸಿಟೋಸಿನ್ ನರಕೋಶಗಳು ಒಟ್ಟಾಗಿ ಸಿಡಿದು ಕಂತು ಕಂತಾಗಿ ಹಾರ್ಮೋನು ಬಿಡುತ್ತವೆ. ಅದರಿಂದ ಗರ್ಭಕೋಶ ಇನ್ನೂ ಬಿಗಿಯಾಗಿ ಸಂಕುಚಿಸುತ್ತದೆ, ಮಗುವಿನ ತಲೆ ಕೊರಳನ್ನು ಇನ್ನೂ ಒತ್ತುತ್ತದೆ, ಮತ್ತಷ್ಟು ಆಕ್ಸಿಟೋಸಿನ್ ಹರಿಯುತ್ತದೆ. 1941ರಲ್ಲಿ ಜೇಮ್ಸ್ ಫರ್ಗುಸನ್ ಮೊಲಗಳಲ್ಲಿ ಗುರುತಿಸಿದ ಈ ಸುತ್ತು ಮುಗಿಯುವುದು ಮಗು ಹೊರಬಂದ ಮೇಲೆಯೇ. ನೋವು ಬಿಟ್ಟು ಬಿಟ್ಟು ಬರುವುದಕ್ಕೂ ಕಡೆಕಡೆಗೆ ಹತ್ತಿರ ಹತ್ತಿರವಾಗುವುದಕ್ಕೂ ಈ ಕಂತುಗಳು ಒಂದು ಕಾರಣ.

ಆಸ್ಪತ್ರೆಗಳಲ್ಲಿ ನೋವು ಬರಿಸಲು ಡ್ರಿಪ್‌ನಲ್ಲಿ ಕೊಡುವುದೂ, ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯಲು ಚುಚ್ಚುವುದೂ ಇದೇ ಆಕ್ಸಿಟೋಸಿನ್. ರಕ್ತಸ್ರಾವ ತಡೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ 10 ಯೂನಿಟ್. ಹಸು ಎಮ್ಮೆಗಳಿಂದ ಹಾಲು ಕರೆಯಲು ಇದರ ದುರ್ಬಳಕೆಯಾಗುತ್ತಿದೆ ಎಂಬ ಕಾರಣಕ್ಕೆ 2018ರಲ್ಲಿ ಕೇಂದ್ರ ಸರ್ಕಾರ ದೇಶದೊಳಗಿನ ಬಳಕೆಗೆ ಆಕ್ಸಿಟೋಸಿನ್ ತಯಾರಿಕೆಯನ್ನು ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್‌ಗೆ ಮಾತ್ರ ಸೀಮಿತಗೊಳಿಸಿ ಆದೇಶಿಸಿತು. ತಾಯಂದಿರ ಜೀವ ಉಳಿಸುವ ಔಷಧಕ್ಕೆ ಕೊರತೆಯಾದೀತೆಂಬ ಆಕ್ಷೇಪಗಳ ನಡುವೆ ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

ಒತ್ತಡದ ಹಾರ್ಮೋನಿಗೆ ಎರಡು ಮನೆ

ಭಯ, ಆತಂಕ, ಕಾಯಿಲೆಗಳ ಸಂದರ್ಭದಲ್ಲಿ ಹೈಪೊಥಲಾಮಸ್ ಸಿಆರ್‌ಎಚ್ ಎಂಬ ಅಣುವನ್ನು ಬಿಡುತ್ತದೆ. 41 ಅಮೈನೊ ಆಮ್ಲಗಳ ಇದನ್ನು 1981ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ವೈಲಿ ವೇಲ್ ತಂಡ ಗುರುತಿಸಿತು. ಸಿಆರ್‌ಎಚ್ ಪಿಟ್ಯುಟರಿಯಿಂದ ಎಸಿಟಿಎಚ್ ಹೊರಡಿಸುತ್ತದೆ. ಎಸಿಟಿಎಚ್ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಬಿಡಿಸುತ್ತದೆ. ಕಾರ್ಟಿಸಾಲ್ ಸಾಕಷ್ಟಾದಾಗ ಹೈಪೊಥಲಾಮಸ್ ಸುಮ್ಮನಾಗುತ್ತದೆ.

ಬಸುರಿನಲ್ಲಿ ಮಾಸೂ ಇದೇ ಸಿಆರ್‌ಎಚ್ ತಯಾರಿಸುತ್ತದೆ, ಆದರೆ ಅದರ ನಿಯಮ ತಿರುವುಮುರುವು. ಕಾರ್ಟಿಸಾಲ್ ಹೆಚ್ಚಾದಷ್ಟೂ ಮಾಸು ಇನ್ನಷ್ಟು ಸಿಆರ್‌ಎಚ್ ಬಿಡುತ್ತದೆ. ಕೊನೆಯ ತಿಂಗಳುಗಳಲ್ಲಿ ತಾಯಿಯ ರಕ್ತದಲ್ಲಿ ಇದು ವೇಗವಾಗಿ ಏರುತ್ತದೆ. ಬಹುಕಾಲ ಅದನ್ನು ಹಿಡಿದು ನಿಷ್ಕ್ರಿಯವಾಗಿಡುವ ಒಂದು ಪ್ರೋಟೀನು ಕಡೆಯ ವಾರಗಳಲ್ಲಿ ಇಳಿಯುತ್ತದೆ. ಆಸ್ಟ್ರೇಲಿಯಾದ ನ್ಯೂಕಾಸಲ್‌ನಲ್ಲಿ ರೋಜರ್ ಸ್ಮಿತ್ ಮತ್ತು ಸಂಗಡಿಗರು 1995ರಲ್ಲಿ, ಈ ಏರಿಕೆಯ ವೇಗಕ್ಕೂ ಹೆರಿಗೆಯ ವೇಳೆಗೂ ಸಂಬಂಧವಿದೆಯೆಂದು ತೋರಿಸಿದರು. ಅಕಾಲದಲ್ಲಿ ಹೆತ್ತವರಲ್ಲಿ ಸಿಆರ್‌ಎಚ್ ಮೊದಲೇ ಏರಿತ್ತು, ದಿನ ಮೀರಿ ಹೆತ್ತವರಲ್ಲಿ ತಡವಾಗಿ ಏರಿತ್ತು.

ಬಸುರಿನ ಕೊನೆಗೆ ತಾಯಿಯ ಕಾರ್ಟಿಸಾಲ್ ಎರಡು ಮೂರು ಪಟ್ಟು ಹೆಚ್ಚಿರುತ್ತದೆ. ಅಷ್ಟೂ ಮಗುವಿಗೆ ತಲುಪಿದರೆ ಬೆಳವಣಿಗೆಗೆ ತೊಂದರೆ. ಮಾಸಿನಲ್ಲಿರುವ ಒಂದು ಕಿಣ್ವ ಅದರ ಬಹುಪಾಲನ್ನು ನಿಷ್ಕ್ರಿಯ ಕಾರ್ಟಿಸೋನ್ ಆಗಿ ಮಾರ್ಪಡಿಸುತ್ತದೆ. ತಾಯಿಯ ಮಿದುಳೂ ಒತ್ತಡಕ್ಕೆ ಮೊದಲಿನಷ್ಟು ತೀವ್ರವಾಗಿ ಸ್ಪಂದಿಸುವುದಿಲ್ಲ. ಇಲಿಗಳಲ್ಲಿ ಇದಕ್ಕೆ ಕಾರಣ ಆಕ್ಸಿಟೋಸಿನ್ನನ್ನು ತಡೆದ ಆಲೊಪ್ರೆಗ್ನನೊಲೋನ್ ಮತ್ತು ಓಪಿಯಾಯ್ಡ್‌ಗಳೇ ಎಂದು ಎಡಿನ್‌ಬರೊ ತಂಡ ಕಂಡುಕೊಂಡಿತು.

ನೀರು ಮತ್ತು ಥೈರಾಯ್ಡ್

ಬಸುರಿನಲ್ಲಿ ರಕ್ತದ ದ್ರವಭಾಗ ಶೇಕಡ 40ರಿಂದ 50ರಷ್ಟು ಹೆಚ್ಚಬೇಕು. ಇದಕ್ಕಾಗಿ ಹೈಪೊಥಲಾಮಸ್ ತನ್ನ ಅಳತೆಯನ್ನೇ ಬದಲಿಸಿಕೊಳ್ಳುತ್ತದೆ. ರಕ್ತ ಮೊದಲಿಗಿಂತ ತೆಳುವಾಗಿರುವಾಗಲೇ ಬಾಯಾರಿಕೆಯಾಗುತ್ತದೆ, ನೀರನ್ನು ಉಳಿಸುವ ವ್ಯಾಸೊಪ್ರೆಸಿನ್ನೂ ಹೊರಡುತ್ತದೆ. ಈ ಬದಲಾವಣೆಯಲ್ಲಿ ಕಾರ್ಪಸ್ ಲೂಟಿಯಂ ಬಿಡುವ ರಿಲ್ಯಾಕ್ಸಿನ್ ಹಾರ್ಮೋನಿನ ಕೈವಾಡವಿದೆ. ಇತ್ತ ಮಾಸು ಬಿಡುವ ಒಂದು ಕಿಣ್ವ ವ್ಯಾಸೊಪ್ರೆಸಿನ್ನನ್ನು ಒಡೆಯುತ್ತಿರುವುದರಿಂದ ಮಿದುಳು ಹೆಚ್ಚು ತಯಾರಿಸಿ ಸರಿದೂಗಿಸುತ್ತದೆ. ಅಪರೂಪಕ್ಕೆ ಇದು ಸಾಧ್ಯವಾಗದೆ ಗರ್ಭಿಣಿ ವಿಪರೀತ ಮೂತ್ರ ಮಾಡತೊಡಗುತ್ತಾಳೆ. ಆ ಕಿಣ್ವಕ್ಕೆ ಜಗ್ಗದ ಡೆಸ್ಮೊಪ್ರೆಸಿನ್ ಅದಕ್ಕೆ ಔಷಧ.

ಥೈರಾಯ್ಡ್ ವಿಷಯದಲ್ಲಿ ಮೊದಲ ಮೂರು ತಿಂಗಳು ಎಚ್‌ಸಿಜಿಯ ನೆರಳು ಕಾಣುತ್ತದೆ. ರಚನೆಯಲ್ಲಿ, ಥೈರಾಯ್ಡನ್ನು ನಡೆಸುವ ಪಿಟ್ಯುಟರಿಯ ಟಿಎಸ್‌ಎಚ್ ಹಾರ್ಮೋನನ್ನು ಹೋಲುವ ಅದು ಥೈರಾಯ್ಡನ್ನು ನೇರವಾಗಿ ಪ್ರಚೋದಿಸುತ್ತದೆ, ಹಾಗಾಗಿ ಪಿಟ್ಯುಟರಿ ತನ್ನ ಟಿಎಸ್‌ಎಚ್ ಇಳಿಸಿಕೊಳ್ಳುತ್ತದೆ. ಈ ಅವಧಿಯ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಸ್ವಲ್ಪ ಕಡಿಮೆ ಕಾಣುವುದು ಬಹುಮಟ್ಟಿಗೆ ಸಹಜ. ಥೈರಾಯ್ಡ್ ಹಾರ್ಮೋನು ಹೆಚ್ಚು ಬೇಕಾಗುವುದರಿಂದ ಗರ್ಭಿಣಿಗೆ ದಿನಕ್ಕೆ 250 ಮೈಕ್ರೊಗ್ರಾಂ ಅಯೋಡಿನ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿಯರೂ ಹಾಲೂಡುವ ತಾಯಂದಿರೂ ಅಲ್ಲದ ವಯಸ್ಕರಿಗೆ 150 ಸಾಕು.

ಬಾಣಂತನದ ದಿನಗಳು

ಮಾಸು ಹೊರಬಿದ್ದೊಡನೆ ಪ್ರೊಜೆಸ್ಟರಾನ್, ಈಸ್ಟ್ರೋಜನ್, ಮಾಸಿನ ಸಿಆರ್‌ಎಚ್ ಒಟ್ಟಿಗೇ ಕುಸಿಯುತ್ತವೆ. ಪ್ರೊಜೆಸ್ಟರಾನಿನ ತಡೆ ಹೋದದ್ದರಿಂದ ಎರಡು ಮೂರು ದಿನಗಳಲ್ಲಿ ಎದೆ ತುಂಬಿಬರುತ್ತದೆ. ಮಗು ಚೀಪಿದಾಗಲೆಲ್ಲ ಎರಡು ಆಜ್ಞೆಗಳು ಹೊರಡುತ್ತವೆ. ಡೋಪಮಿನ್ ಇಳಿದು ಪ್ರೊಲ್ಯಾಕ್ಟಿನ್ ಏರುತ್ತದೆ, ಅದರಿಂದ ಹಾಲು ತಯಾರಾಗುತ್ತದೆ. ಆಕ್ಸಿಟೋಸಿನ್ ಕಂತುಗಳಾಗಿ ಬಂದು ತಯಾರಾದ ಹಾಲನ್ನು ಹೊರದೂಡುತ್ತದೆ. ಮಗುವಿನ ಅಳು ಕಿವಿಗೆ ಬಿದ್ದರೇ ಹಾಲು ಜಿನುಗುವುದುಂಟು, ಏಕೆಂದರೆ ಆಕ್ಸಿಟೋಸಿನ್ ನರಕೋಶಗಳು ಮಿದುಳಿನ ಇತರ ಭಾಗಗಳ ಮಾತನ್ನೂ ಕೇಳುತ್ತವೆ.

ಹಾರ್ಮೋನುಗಳ ಈ ಹಠಾತ್ ಕುಸಿತ ಎಲ್ಲರಿಗೂ ಸಲೀಸಲ್ಲ. ಪ್ರೊಜೆಸ್ಟರಾನ್ ಜೊತೆಗೆ ಆಲೊಪ್ರೆಗ್ನನೊಲೋನೂ ಇಳಿಯುವುದರಿಂದ ಗಾಬಾದ ಶಮನ ಏಕಾಏಕಿ ಕಡಿಮೆಯಾಗುತ್ತದೆ. ಬಾಣಂತಿಯ ಖಿನ್ನತೆಗೆ ಕೌಟುಂಬಿಕ, ಸಾಮಾಜಿಕ, ಆನುವಂಶಿಕ ಕಾರಣಗಳ ಜೊತೆಗೆ ಇದೂ ಒಂದು ಕಾರಣವಿರಬಹುದೆಂಬ ಚಿಂತನೆ ಹೊಸ ಔಷಧಗಳಿಗೆ ದಾರಿಮಾಡಿತು. ಆಲೊಪ್ರೆಗ್ನನೊಲೋನನ್ನೇ ರಕ್ತನಾಳದ ಮೂಲಕ 60 ಗಂಟೆ ಕೊಡುವ ಬ್ರೆಕ್ಸನೊಲೋನ್‌ಗೆ 2019ರಲ್ಲಿ, ಅದೇ ಬಗೆಯ ಮಾತ್ರೆಯಾದ ಜುರಾನೊಲೋನ್‌ಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ತೀವ್ರ ಮಾನಸಿಕ ತೊಂದರೆಯ ಬಾಣಂತಿಯರನ್ನು ಕೂಸಿನಿಂದ ಅಗಲಿಸದೆ ಚಿಕಿತ್ಸೆ ನೀಡುವ ತಾಯಿ–ಮಗು ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಇನ್ನೊಂದು ಅಪಾಯ ಪಿಟ್ಯುಟರಿಯದು. ಬಸುರಿನಲ್ಲಿ ಹಿಗ್ಗಿದ ಗ್ರಂಥಿಗೆ ಹೆಚ್ಚು ರಕ್ತ ಬೇಕು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ರಕ್ತದೊತ್ತಡ ಬಿದ್ದರೆ ಅದರ ಭಾಗ ಸಾಯಬಹುದು. ಬ್ರಿಟಿಷ್ ವೈದ್ಯ ಹೆರಾಲ್ಡ್ ಶೀಹನ್ 1937ರಲ್ಲಿ ವಿವರಿಸಿದ ಈ ಸ್ಥಿತಿಯ ಮೊದಲ ಸೂಚನೆ ಹಾಲು ಬಾರದಿರುವುದು. ಆಮೇಲೆ ಮುಟ್ಟು ಮರಳದಿರುವುದು, ಸುಸ್ತು, ಚಳಿ ತಡೆಯಲಾಗದಿರುವುದು ಸೇರಿಕೊಳ್ಳುತ್ತವೆ. ವರ್ಷಗಳ ನಂತರ ಪತ್ತೆಯಾಗುವುದೂ ಉಂಟು. ಇಲ್ಲವಾದ ಹಾರ್ಮೋನುಗಳನ್ನು ಮಾತ್ರೆಯಾಗಿ ಕೊಟ್ಟರೆ ರೋಗಿ ಚೇತರಿಸಿಕೊಳ್ಳುತ್ತಾಳೆ.

ಪದೇ ಪದೇ ಹಾಲೂಡುವವರೆಗೆ ಕಿಸ್‌ಪೆಪ್ಟಿನ್ ಮತ್ತು ಜಿಎನ್‌ಆರ್‌ಎಚ್ ಜಾಲ ಮಂಕಾಗಿಯೇ ಇರುತ್ತದೆ. ಮಗು ಆರು ತಿಂಗಳೊಳಗಿದ್ದು, ಹಗಲೂ ಇರುಳೂ ಎದೆಹಾಲನ್ನಷ್ಟೇ ಕುಡಿಯುತ್ತಿದ್ದು, ಮುಟ್ಟು ಮರಳದಿದ್ದರೆ ಇನ್ನೊಂದು ಬಸುರಿನ ಸಾಧ್ಯತೆ ಶೇಕಡ 2ಕ್ಕಿಂತ ಕಡಿಮೆ. ಈ ಮೂರರಲ್ಲಿ ಒಂದು ತಪ್ಪಿದರೂ ಆ ರಕ್ಷಣೆ ನಂಬುವಂತಿಲ್ಲ. ಮೇಲಿನ ಆಹಾರ ಆರಂಭವಾಗಿ ಚೀಪುವುದು ಕಡಿಮೆಯಾದಂತೆ ಪ್ರೊಲ್ಯಾಕ್ಟಿನ್ ಮೇಲೆ ಡೋಪಮಿನ್ನಿನ ಹಿಡಿತ ಮತ್ತೆ ಬಿಗಿಯಾಗುತ್ತದೆ, ಜಿಎನ್‌ಆರ್‌ಎಚ್ ಮಿಡಿತ ಮರಳುತ್ತದೆ. ಮೊದಲ ಮುಟ್ಟು ಕಾಣಿಸಿಕೊಳ್ಳುವ ಮುನ್ನವೇ ಅಂಡ ಬಿಡುಗಡೆಯಾಗಬಹುದಾದ್ದರಿಂದ, ಮುಟ್ಟು ಬರಲಿ ಎಂದು ಕಾಯದೆ ಗರ್ಭನಿರೋಧದ ವಿಷಯವನ್ನು ವೈದ್ಯರೊಡನೆ ಮಾತಾಡುವುದು ಒಳ್ಳೆಯದು.